ನಿನ್ನದೇ ಮೀನು

ಹಸಿರು, ಇನ್ನೂ ಹಸಿರು, ಹದಿನಾರು ದಿನವಾದರೂ ಆರಿಲ್ಲ, ನೀಲಿ ಟಾರ್ಚಿನ ಬೆಳಕಲ್ಲಿ ಎಳ್ಳಿನಷ್ಟು ಚುಕ್ಕಿ, ಲ್ಯಾಬಿನ ಫ್ರಿಜ್ಜು ಗುಂಯ್‌ಗುಡುತ್ತಿದೆ, ಮೋಕ್ಷಾ, ಊಟಕ್ಕೆ ಬರ್ತೀಯಾ, ಬಾಗಿಲಲ್ಲಿ ಸುಹೈಲಾ, ನೀನು ಹೋಗು ಮಾರಾಯ್ತಿ, ಕೆಲಸ ಉಂಟು — ಎಂತ ಕೆಲಸ, ಅಪ್ಪನ ತೋಳಿನಿಂದ ಕಿತ್ತ ಸೆನ್ಸಾರ್ ಪಟ್ಟಿಯನ್ನು ನೋಡುವ ಕೆಲಸ. ಅಂಟಿಸಿದವಳು ನಾನೇ, ಗೈಡ್ ಗ್ರೆಗರಿ ಸರ್‌ಗೆ ಹೇಳದೆ, ಯಾರ ಅನುಮತಿಯೂ ಇಲ್ಲದೆ, ಒಮ್ಮೆ ಎದೆ ಹಿಡಿದ ಮೇಲೂ ಬೋಟಿಗೆ ಹೋಗುವುದನ್ನು ನಿಲ್ಲಿಸುವ ಜನ ಅಲ್ಲ ಅವರು, ಇದಾದರೂ ಇರಲಿ ಎಂದು. ಎಂತ ಇದು ಎಂದರು. ಡಿಎನ್‌ಎಯ ಮಡಿಸಿದ ಎಳೆ, ಹೃದಯಕ್ಕೆ ಪೆಟ್ಟು ಬಿದ್ದರೆ ಒಂದು ಪ್ರೋಟೀನು ಸೋರುತ್ತದೆ, ಅದು ಸಿಕ್ಕಿದರೆ ಎಳೆ ಬಿಚ್ಚಿಕೊಂಡು ಬೆಳಗುತ್ತದೆ — ಹಾಗೆ ಹೇಳಿದ್ದರೆ ಸಾಕಿತ್ತು, ನಾನು ಜಾಣೆಯಲ್ಲವೇ, ಗಾಳ ಅಪ್ಪ, ಒಳಗೆ ಗಾಳ ಹಾಕಿದ್ದೇನೆ, ದಿನಾ ಈ ನೀಲಿ ಟಾರ್ಚು ಹಿಡಿದು ನೋಡಿ, ಮೀನು ಬಿದ್ದರೆ ಹಸಿರು, ತಕ್ಷಣ ಫೋನ್ ಮಾಡಿ ಎಂದೆ. ನಕ್ಕರು, ಮೊಗವೀರರ ಹುಡುಗಿ ಇಷ್ಟೆಲ್ಲ ಓದಿದ್ದು ಗಾಳ ಹಾಕ್ಲಿಕ್ಕಾ. ಮೂವತ್ತೈದು ವರ್ಷ ಮೀನು ಬೀಳಲಿ ಎಂದೇ ಕಾದವರಿಗೆ, ಈ ಮೀನು ಬಿದ್ದರೆ ಕೆಟ್ಟದ್ದು ಎಂದು ಬಿಡಿಸಿ ಹೇಳಬೇಕೆಂದು ಹೊಳೆಯಲಿಲ್ಲ. ಮಾಡಿದರು, ಫೋನ್ ಮಾಡಿದರು, ಬೆಳಿಗ್ಗೆ ಏಳೂವರೆ, ಬಾಚಣಿಗೆ ನನ್ನ ಕೂದಲಲ್ಲೇ ಇತ್ತು, ಮೀನು ಬಿತ್ತು ಮಗಾ, ಒಳ್ಳೇದಾಯ್ತಪ್ಪ, ಎಂತ ಮೀನು, ನಿನ್ನದೇ ಮೀನು ಮಾರಾಯ್ತಿ, ನಗು, ಇಂಜಿನ್ನಿನ ಸದ್ದು, ಕಟ್. ಬಂಗುಡೆ ಎಂದುಕೊಂಡೆ, ನನಗೆ ಬಂಗುಡೆ ಇಷ್ಟ, ಸಂಜೆಗೆ ಪುಳಿಮುಂಚಿ ಸಾರು ಎಂದುಕೊಂಡೆ, ಥೂ. ಬೋಟು ಹೊಳೆ ಕಡಲು ಸೇರುವ ಅಳಿವೆ ಬಾಗಿಲು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಬಲೆ ನೀರಿಗೇ ಇಳಿದಿರಲಿಲ್ಲ, ಬಲೆ ಇಳಿಯದೆ ಮೀನು ಎಲ್ಲಿಂದ ಬೀಳುತ್ತದೆ, ಬೋಟಿನವರ ಮಗಳಿಗೆ ಅಷ್ಟೂ ತಿಳಿಯಲಿಲ್ಲವೇ, ತಿರುಗಿಸಿ ಅಪ್ಪ ಎಂಬ ಎರಡು ಶಬ್ದ ಹೇಳಿದ್ದರೆ, ಅರ್ಧ ಗಂಟೆಯಲ್ಲಿ ಬಂದರಿನ ಧಕ್ಕೆ, ಧಕ್ಕೆಯಿಂದ ಹತ್ತು ನಿಮಿಷ ಆಸ್ಪತ್ರೆ. ಬೋಟು ನಡೆಸುವ ಧನರಾಜಣ್ಣ ಅಪ್ಪನನ್ನು ತಂದು ಮಲಗಿಸುವಾಗ ಮಧ್ಯಾಹ್ನ, ಮೈ ಸೆಟೆದಿತ್ತು, ತೋಳಲ್ಲಿ ಪಟ್ಟಿ ಹಾಗೆಯೇ. ಇವತ್ತು ಬೆಳಿಗ್ಗೆ ಅಮ್ಮ, ಅಪ್ಪನ ಬೊಜ್ಜಕ್ಕೆ, ಉತ್ತರಕ್ರಿಯೆಗೆ ಬಂದ ನೆಂಟರೆಲ್ಲ ಹೋದ ಮೇಲೆ, ಚಹಾದ ಲೋಟ ಇಟ್ಟು, ಅದು ಬೆಳಗಿತ್ತಂತೆ ಅಲ್ವಾ, ಧನರಾಜ ಹೇಳಿದ, ಮಗಳ ಮೀನು ಅಂತ ಬೋಟಿನವರಿಗೆಲ್ಲ ತೋರಿಸಿದ್ರಂತೆ, ಬೆಳಗಿದ್ರೆ ಒಳ್ಳೇದಲ್ವಾ, ಮತ್ತೆ ಹೇಗೆ ಹೋದ್ರು. ಗೊತ್ತಿಲ್ಲಮ್ಮ ಎಂದೆ. ನಾಳೆಯೂ ಕೇಳುತ್ತಾಳೆ, ನಾಳೆಯೂ ಗೊತ್ತಿಲ್ಲಮ್ಮ. ಸೆನ್ಸಾರಿನಲ್ಲಿ ತಪ್ಪಿಲ್ಲ, ಎಳೆ ಬಿಚ್ಚಿದೆ, ಬಣ್ಣ ಹತ್ತಿದೆ, ಗ್ರೆಗರಿ ಸರ್ ನೋಡಿದರೆ ಕುಣಿಯುತ್ತಿದ್ದರು, ಎರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಒಂದೂ ಬೆಳಗಿಲ್ಲ. ಕಸದ ಬುಟ್ಟಿ ಕಾಲ ಬಳಿಯೇ ಇದೆ, ಹಾಕಲಾಗುವುದಿಲ್ಲ, ಟಾರ್ಚು ಆರಿಸುತ್ತೇನೆ, ಒತ್ತುತ್ತೇನೆ, ಹಸಿರು, ಒಳ್ಳೇದಾಯ್ತಪ್ಪ, ಆರಿಸುತ್ತೇನೆ, ಒತ್ತುತ್ತೇನೆ, ಹಸಿರು