ಇಕ್ಕಳಕ್ಕೆ ಸೂತಕವಿಲ್ಲ

“ಏಯ್ ಕರಿಯಾ, ನಿನ್ನ ಕೂಸಿನ ಮೂಳೆ ನೀನೇ ತೆಗೀತೀಯೋ, ಇಲ್ಲಾ ಮೆಷಿನ್ ತರಿಸಿ ಎತ್ತಿಸ್ಲೋ?”

ಪರೇಶ್ ಬ್ವಾನಾ, ಅಂದರೆ ನಮ್ಮ ಯಜಮಾನ, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ. ನೈರೋಬಿಯಿಂದಾಚೆ ಇರುವ ನಮ್ಮ ಕಿಸುಮು ಊರಿನ ಹಿಂದೂ ಸ್ಮಶಾನ ಕಮಿಟಿಗೆ ಆತ ಅಧ್ಯಕ್ಷ, ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿಯವನು. ಅಲ್ಲಿ ಹೆಣ ಸುಡುವ ನನ್ನ ಗಂಡ ಒಬುರಾ ಹೆಗಲ ಮೇಲಿನ ಕೊರಡನ್ನು ಇಳಿಸದೆ ಹೊತ್ತುಕೊಂಡೇ ನಿಂತಿದ್ದ. ಇಳಿಸಿದರೆ, ಮಾತಾಡೋಕೆ ಸಂಬಳ ಕೊಡ್ತೀನೇನೋ ಅನ್ನುತ್ತಾರೆ.

“ದೊಡ್ಡ ಬ್ವಾನಾ ಅವ್ರೇ ಹೂತ್ಕೋ ಅಂದಿದ್ರು ಬ್ವಾನಾ.”

“ಯಾರ ಮುಂದೆ ಅಂದಿದ್ರು? ಇದು ಸುಡೋ ಜಾಗ ಕಣೋ ಬೋಳಿಮಗನೆ, ಹೂಳೋ ಜಾಗ ಅಲ್ಲ. ನಮ್ಮ ಹಿರಿಯರು ಸ್ವರ್ಗಕ್ಕೆ ಹೋಗೋ ನೆಲ. ಅದರೊಳಗೆ ನಿನ್ನ ಕೂಸು ಕೊಳೀತಾ ಬಿದ್ದಿದೆ!”

ಗ್ಯಾಸಿನ ಒಲೆ ಬರುತ್ತದಂತೆ. ಗುಂಡಿ ಒತ್ತಿದರೆ ಹೆಣ ಬೂದಿಯಾಗುತ್ತದಂತೆ. ಅದರ ಬುನಾದಿಗೆ ಎಳೆದ ಸುಣ್ಣದ ಗೆರೆ ಕಾಂಪೌಂಡ್ ಗೋಡೆಯ ಪಕ್ಕ ಮಲಗಿದ್ದ ನನ್ನ ಮಗಳ ಮೇಲೆಯೇ ಹಾದು ಹೋಗಿತ್ತು. ಆ ಗೆರೆಯನ್ನು ಒಂದಿಷ್ಟು ಆಚೆಗೆ ಎಳೆದಿದ್ದರೆ ಯಾವ ದೇವರೂ ಮುನಿಯುತ್ತಿರಲಿಲ್ಲ. ಆದರೆ ಆಚೆಗೆ ಕಮಿಟಿಯವರ ಕಾರು ನಿಲ್ಲಬೇಕಿತ್ತು.

ನಮ್ಮ ಜನರಲ್ಲಿ ಸತ್ತವರನ್ನು ಮನೆತನದ ಮಣ್ಣಿಗೇ ಒಯ್ದು ಹೂಳಬೇಕು. ನಮ್ಮ ಮಗಳು ಅಜ್ವಾಂಗ್ ಜ್ವರ ಬಂದು ಸತ್ತ ದಿನ ಒಬುರಾ ಹಳ್ಳಿಯಲ್ಲಿದ್ದ ಅಣ್ಣನಿಗೆ ಫೋನು ಮಾಡಿದ. “ಇಂಡಿಯಾದೋರ ಹೆಣ ಸುಡೋ ಕೈ ನಿಂದು. ಆ ಕೈಲಿ ಎತ್ತಿ ಆಡಿಸಿದ ಕೂಸನ್ನ ನಮ್ಮ ಹಿತ್ತಲಿಗೆ ತರಬೇಡ, ಮನೆಗೆಲ್ಲಾ ಶಾಪ ತಟ್ತದೆ” ಎಂದು ಅಣ್ಣ ಫೋನಿಟ್ಟ. ಆಗ ಅಧ್ಯಕ್ಷನಾಗಿದ್ದವನು ಪರೇಶನ ಸೋದರಮಾವ ವ್ರಜಲಾಲ್. “ಗೋಡೆ ಪಕ್ಕ ಹೂತ್ಕೊಂಡುಬಿಡು. ರಜೆ ಗಿಜೆ ಕೇಳ್ಬೇಡ, ಬೆಳಿಗ್ಗೆ ಒಂದು ಹೆಣ ಬರ್ತಿದೆ” ಎಂದ. ಅವನ ಕರುಣೆ ಅಂದರೆ ಅಷ್ಟೇ. ಮಗಳ ಮೇಲೆ ಮಣ್ಣು ಎಳೆದ ಕೈಯಲ್ಲೇ ನಾವಿಬ್ಬರೂ ಬೆಳಿಗ್ಗೆ ಇನ್ನೊಬ್ಬರ ತಾಯಿಗೆ ಸೌದೆ ಜೋಡಿಸಿದೆವು.

ಪರೇಶ್ ಬೈದು ಹೋದ ಮಾರನೆಯ ದಿನವೇ ಆ ವ್ರಜಲಾಲ್ ಸತ್ತ.

ಸ್ಮಶಾನದ ಹೊರಗೆ ರಸ್ತೆಯುದ್ದಕ್ಕೂ ಕಾರುಗಳು ನಿಂತವು. ಮುದುಕನಿಗೆ ಒಬ್ಬನೇ ಮಗ, ಕಿಶೋರ. ಲಂಡನ್ನಿನಿಂದ ಅವನು ಬರಲಿಲ್ಲ, ಪುರೋಹಿತ ಜಯಂತಿ ಮಹಾರಾಜನ ಕೈಯಲ್ಲಿದ್ದ ಫೋನಿನೊಳಗೆ ಬಂದ. ಚಿತೆ ಸಿದ್ಧವಾಯಿತು. ನಾನು ತುಪ್ಪದ ಡಬ್ಬ ಹಿಡಿದು ನಿಂತಿದ್ದೆ.

“ಬೆಂಕಿ ಕೊಡೋರು ಯಾರು?” ಎಂದ ಮಹಾರಾಜ್.

ಬೆಂಕಿ ಕೊಟ್ಟವನೇ ಮಗ. ಹದಿಮೂರನೇ ದಿನದವರೆಗೆ ಅವನಿಗೆ ಸೂತಕ. ತಲೆ ಬೋಳಿಸಿಕೊಂಡು ಸತ್ತವರ ಮನೆಯಲ್ಲಿ ನೆಲದ ಮೇಲೆ ಕೂರಬೇಕು, ಮದುವೆ ಮುಂಜಿಯ ಹೊಸಿಲು ತುಳಿಯಬಾರದು. ಪರೇಶನ ಮಗಳ ಮದುವೆ ಎದುರಿಗೇ ಇತ್ತು, ನೈರೋಬಿಯಿಂದ ಅಡುಗೆಯವರು ಬಂದಿಳಿದಾಗಿತ್ತು. ಅವನ ತಮ್ಮ ಬೆನ್ನುನೋವು ಅಂದ. ಇನ್ನೊಬ್ಬ ಹೆಂಡತಿ ಬಸುರಿ ಅಂದ. ಮುದುಕ ಬದುಕಿದ್ದಾಗ ಅವನ ಕಾಲು ಹಿಡಿದವರೆಲ್ಲ ಈಗ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದುಕೊಂಡರು. ನನಗೆ ನಗು ಬಂತು, ಡಬ್ಬವನ್ನು ಬಾಯಿಗೆ ಅಡ್ಡ ಹಿಡಿದೆ.

“ಈ ಒಬುರಾ ಕೈಲಿ ಕೊಡಿಸಿಬಿಟ್ರೆ?” ಪರೇಶ್ ಪಿಸುಗುಟ್ಟಿದ. “ಮಂತ್ರ ಕಿಶೋರ ಫೋನಲ್ಲೇ ಹೇಳ್ಲಿ.”

ಮಹಾರಾಜ್ ಒಂದು ಗಳಿಗೆ ಗದ್ದ ಕೆರೆದುಕೊಂಡ. “ಆಗಬಹುದು. ಇವನನ್ನ ಇಕ್ಕಳ ಅಂದ್ಕೊಳ್ಳಿ. ಇಕ್ಕಳಕ್ಕೇನು ಸೂತಕ?”

ಒಬುರಾನನ್ನು ಯಾರೂ ಕೇಳಲಿಲ್ಲ. ನಲ್ಲಿಯ ಕೆಳಗೆ ನಿಲ್ಲಿಸಿ ತೋಯಿಸಿದರು. ದೂರದಿಂದ ಬಿಳಿಪಂಚೆ ಎಸೆದರು. ಹೆಗಲ ಮೇಲೆ ನೀರಿನ ಮಡಕೆ ಇಟ್ಟುಕೊಂಡು ಅವನು ಚಿತೆಯನ್ನು ಸುತ್ತಿದ, ಮಡಕೆ ಒಡೆದ, ಉರಿಯುವ ಹುಲ್ಲನ್ನು ಮುದುಕನ ಬಾಯಿಗೆ ಮುಟ್ಟಿಸಿದ. ಫೋನಿನಲ್ಲಿ ಕಿಶೋರ “ಪಪ್ಪಾ, ಪಪ್ಪಾ” ಅನ್ನುತ್ತಿದ್ದ. ಅಷ್ಟರಲ್ಲಿ ಸಿಗ್ನಲ್ ಹೋಗಿ, ಬೆಂಕಿ ಹತ್ತಿಕೊಳ್ಳುವಾಗ ಮಗನ ಮುಖ ಬಾಯಿ ತೆರೆದುಕೊಂಡೇ ಪರದೆಯಲ್ಲಿ ನಿಂತುಹೋಯಿತು. ತಲೆಬುರುಡೆ ಒಡೆಯುವ ಹೊತ್ತಿಗೆ ನೆಂಟರೆಲ್ಲ ಆಚೆ ತಿರುಗಿ ನಿಂತರು. ಬಿದಿರು ಹಿಡಿದು ಅದನ್ನೂ ಒಬುರಾನೇ ಮಾಡಿದ.

ಹೋಗುವಾಗ ಪರೇಶ್ ನನ್ನನ್ನು ಕರೆದ. “ಏ ಇವಳೆ, ಆ ನಲ್ಲಿ ಉಜ್ಜಿ ತೊಳಿ, ನಿನ್ನ ಗಂಡ ಮುಟ್ಟಿದಾನೆ. ನಾಳೆ ಮೆಷಿನ್ ಬರುತ್ತೆ. ಅಷ್ಟರೊಳಗೆ ಆ ಗಲೀಜು ಎತ್ತಿರ್ಬೇಕು.”

ನನ್ನ ಮಗಳಿಗೆ ಅವನು ಇಟ್ಟ ಹೆಸರು ಅದು. ಆ ಮಾತಿಗೆ ಅವನ ನಾಲಿಗೆ ಕಿತ್ತು ಚಿತೆಗೆ ಹಾಕಬೇಕು ಅನ್ನಿಸಿತು. ನಲ್ಲಿ ಉಜ್ಜಿದೆ.

ಬೆಳಿಗ್ಗೆ ಎದ್ದು ನೋಡಿದರೆ ಒಬುರಾ ಬಾಗಿಲಲ್ಲಿ ಕೂತು ಬ್ಲೇಡಿನಲ್ಲಿ ತಲೆ ಬೋಳಿಸಿಕೊಳ್ಳುತ್ತಿದ್ದ. ಕಿವಿಯ ಹಿಂದೆ ಗಾಯವಾಗಿ ರಕ್ತ ಇಳಿಯುತ್ತಿತ್ತು.

“ಏನಿದು ಅಜ್ವಾಂಗ್ ಅಪ್ಪ, ತಲೆ ಕೆಟ್ಟದಾ?”

“ಬೆಂಕಿ ಕೊಟ್ಟೋನೇ ಮಗ ಅಂತ ಆ ಮಹಾರಾಜ ಎಷ್ಟು ಜನಕ್ಕೆ ಹೇಳವ್ನೆ! ಈ ಕಿವೀಲೇ ಕೇಳಿವ್ನಿ. ಈಗ ನಾನೇ ಮಗ. ಹೋಗಿ ಆ ಮನೇಲಿ ಕೂತ್ಕತೀನಿ.”

“ಒದ್ದು ಓಡಿಸ್ತಾರೆ.”

“ಒದೀಲಿ ಬಿಡು. ಬೀಗರ ಮುಂದೆ ಒದೀಲಿ. ಯಾಕ್ ಬಂದೆ ಅಂತ ಯಾರಾದ್ರೂ ಕೇಳ್ದೆ ಇರ್ತಾರಾ? ಕೂಸನ್ನ ಮುಟ್ಟಲ್ಲ ಅಂತ ಆ ಪರೇಶ್ ಬಾಯಿಬಿಟ್ಟು ಹೇಳ್ಲಿ, ಎದ್ದು ಬತ್ತೀನಿ.”

ನಾನೂ ಜೊತೆಗೆ ಹೊರಟೆ. ವ್ರಜಲಾಲನ ಮನೆಯ ಹಜಾರದಲ್ಲಿ ಬಿಳಿ ಹಾಸು ಹಾಸಿ, ಗಂಧದ ಹಾರ ಹಾಕಿದ ಮುದುಕನ ಫೋಟೋ ಇಟ್ಟಿದ್ದರು. ಸಂಜೆಯವರೆಗೂ ಜನ ಬಂದು ಕೂತು ಹೋಗುವ ದಿನ ಅದು. ಕಾವಲಿನವನು ನಮ್ಮ ಜನವೇ, ಕುರ್ಚಿ ಹಾಕಲು ಬಂದಿದ್ದೇವೆಂದುಕೊಂಡು ಗೇಟು ತೆಗೆದ. ನಾನು ಚಪ್ಪಲಿಗಳ ಹತ್ತಿರ ನಿಂತೆ. ಒಬುರಾ ನೇರ ಹೋಗಿ ಫೋಟೋದ ಕೆಳಗೆ ಕೂತುಬಿಟ್ಟ, ಅದೇ ಬಿಳಿಪಂಚೆಯಲ್ಲಿ.

ಭಜನೆ ನಿಂತಿತು. ಪಕ್ಕದಲ್ಲಿದ್ದವರು ಸೀರೆ ಎಳೆದುಕೊಂಡು ಹಿಂದಕ್ಕೆ ಜರುಗಿದರು. ಪರೇಶನ ತಾಯಿ, ಸತ್ತವನ ತಂಗಿ, ಕಣ್ಣು ಕಿರಿದು ಮಾಡಿ ನೋಡಿದಳು.

“ಪರೇಶಾ, ಇವನ್ಯಾರೋ? ತಲೆ ಯಾಕೋ ಬೋಳಿಸ್ಕೊಂಡಿದಾನೆ?”

“ನಾನೇ ಅವ್ವಾ ಬೆಂಕಿ ಕೊಟ್ಟಿದ್ದು,” ಎಂದ ಒಬುರಾ. “ಮಹಾರಾಜ್ರನ್ನೇ ಕೇಳಿ.”

ಮಹಾರಾಜ್ ಪುಸ್ತಕದ ಹಾಳೆ ತಿರುವಿದ. ಮುದುಕಿ ಮಗನತ್ತ ತಿರುಗಿದಳು.

“ಕಂಪಾಲಾದಿಂದ ದಾಯಾದಿ ಬಂದು ಕೊಟ್ಟ ಅಂದ್ಯಲ್ಲೋ! ನನ್ನಣ್ಣನ ಬಾಯಿಗೆ ಈ ಕರಿಯನ ಕೈಲಿ ಬೆಂಕಿ ಇಡಿಸಿದ್ಯೇನೋ?”

ಪರೇಶ್ ಓಡಿಬಂದು ಒಬುರಾನ ಪಕ್ಕೆಗೆ ಒದ್ದ. “ಏಳೋ ಸೂಳೆಮಗನೆ! ಹೊರಗೆ ನಡಿ!” ಇನ್ನೊಮ್ಮೆ ಒದ್ದ. ಒಬುರಾ ಹಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿದನೇ ಹೊರತು ಏಳಲಿಲ್ಲ. ಪರೇಶನ ಮಗಳ ಮಾವನಾಗುವವನು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನು ಒಂದು ಸಲ ಕೆಮ್ಮಿದ. ಪರೇಶನ ಕಾಲು ನಿಂತಿತು.

“ನನ್ ಮಗಳ ಗೋರಿ ಮುಟ್ಟಲ್ಲ ಅಂತ ಹೇಳಿ ಬ್ವಾನಾ. ಈಗಿಂದೀಗ್ಲೇ ಎದ್ದೋಗ್ತೀನಿ.”

“ಅಷ್ಟೇ ತಾನೆ? ಇರು.” ಪರೇಶ್ ಒಳಗೆ ಹೋಗಿ ಫೋನಿನಲ್ಲಿ ಏನೋ ಮಾತಾಡಿ ಬಂದ. ದನಿ ಬೆಣ್ಣೆಯಾಗಿತ್ತು. ಮಾವನ ಫೋಟೋದ ಮೇಲೆ ಕೈಯಿಟ್ಟ. “ಮಾಮನ ಆಣೆ. ನಿನ್ನ ಮಗಳ ಗೋರಿ ಯಾರೂ ಮುಟ್ಟಲ್ಲ. ಹೋಗಪ್ಪ, ಮನೆಗೆ ಹೋಗು.”

ಒಬುರಾ ಫೋಟೋದ ಮುಂದೆ ನೆಲ ಮುಟ್ಟಿ ಎದ್ದ. ದಾರಿಯುದ್ದಕ್ಕೂ ಪಕ್ಕೆ ಹಿಡಿದುಕೊಂಡು ನಗುತ್ತಿದ್ದ. ನಾನೂ ನಕ್ಕೆ. ಆಣೆ ಇಟ್ಟವರ ಮಾತನ್ನು ನಂಬುವಷ್ಟು ದಡ್ಡರಾಗಿದ್ದೆವು ನಾವು.

ಸ್ಮಶಾನದ ಗೇಟಿನಿಂದ ಗೋಡೆಯವರೆಗೂ ಚಕ್ರದ ಗುರುತು ಬಿದ್ದಿತ್ತು. ಮಣ್ಣು ಗುಡ್ಡೆಯಾಗಿತ್ತು. ಮೆಷಿನ್ನಿನ ಹುಡುಗ ಟೋಪಿ ತೆಗೆದು ನಿಂತ.

“ಗೊತ್ತಿರ್ಲಿಲ್ಲ ತಾಯಿ. ಬ್ವಾನಾ ಈಗ ತಾನೆ ಫೋನ್ ಮಾಡಿದ್ರು, ಹೆಣ ಸುಡೋರು ವಾಪಸ್ ಬರೋದ್ರೊಳಗೆ ಮುಗಿಸಿಬಿಡು ಅಂದ್ರು.”

ಒಬುರಾ ಮಣ್ಣಿನ ಮೇಲೆ ಕುಸಿದು ಕೂತ. ಬೋಳುತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ನಾನು ಬಗ್ಗಿದೆ. ಈ ಪೇಟೆಯ ಎಷ್ಟೋ ಸಾಹುಕಾರರ ಮೂಳೆಗಳನ್ನು ಬೂದಿಯಿಂದ ಆರಿಸಿ ಮಡಕೆಗೆ ತುಂಬಿಕೊಟ್ಟವಳು ನಾನು. ನನ್ನ ಮಗಳದನ್ನೂ ಆರಿಸಿದೆ. ಸ್ವೆಟರಿನ ಗುಂಡಿಗಳು ಹಾಗೇ ಇದ್ದವು. ಉಗ್ರಾಣದಿಂದ ಅವರದೇ ಹೊಸ ಅಸ್ಥಿಮಡಕೆ ತಂದೆ. ಮೂಳೆಗಳನ್ನು ತುಂಬಿ, ಅವರದೇ ಕೆಂಪು ಬಟ್ಟೆ ಕಟ್ಟಿದೆ.

“ಎಲ್ಲಿಗೆ?” ಎಂದ ಒಬುರಾ.

“ನೀನು ಮಗ ಅಲ್ವಾ? ಮೊಮ್ಮಗಳನ್ನ ಅಜ್ಜನ ಮನೆಗೆ ಕರ್ಕೊಂಡೋಯ್ತೀನಿ.”

ಅವನು ಎದ್ದು ನನ್ನ ಹಿಂದೆ ಬಂದ.

ಜನ ಇನ್ನೂ ಕೂತಿದ್ದರು. ಕಾವಲಿನವನು ಕೈ ಅಡ್ಡ ಹಾಕಿದ, ಬಟ್ಟೆ ಸರಿಸಿ ತೋರಿಸಿದೆ. ಮಗುವಿನ ಮೂಳೆ ನೋಡಿದ್ದೇ ತಡ, ಶಾಪ ತಟ್ಟೀತೆಂದು ಗೇಟು ಬಿಟ್ಟು ರಸ್ತೆಗೆ ಓಡಿದ. ನಾನು ಹಾಸಿನ ಮೇಲೆ ಮಣ್ಣುಗಾಲಲ್ಲೇ ನಡೆದು, ಹಾರ ಹಾಕಿದ ಮುದುಕನ ಪಕ್ಕದಲ್ಲಿ ನನ್ನ ಮಗಳನ್ನು ಇಟ್ಟೆ. ಕೆಂಪು ಬಟ್ಟೆ ಬಿಚ್ಚಿದೆ.

“ಅಜ್ವಾಂಗ್ ಅಂತ ಇವ್ಳ ಹೆಸ್ರು,” ಎಂದೆ. “ನಿಮ್ಮ ಸ್ಮಶಾನದಾಗೆ ಜಾಗ ಇಲ್ವಂತೆ. ಇಲ್ಲೇ ಇರ್ತಾಳೆ.”

ಹೆಂಗಸರು ಕಿರುಚಿಕೊಂಡು ಗೋಡೆಗೆ ಅಂಟಿಕೊಂಡರು. ಪರೇಶನ ಮಗಳ ಮಾವನಾಗುವವನು ಎದ್ದು ಚಪ್ಪಲಿ ಹುಡುಕತೊಡಗಿದ. ಮಹಾರಾಜ್ ಪುಸ್ತಕ ಎದೆಗೆ ಒತ್ತಿಕೊಂಡು ಹಿಂಬಾಗಿಲಿಗೆ ಸರಿದ. ಪರೇಶ್ ಮಡಕೆಯ ಹತ್ತಿರ ಬಂದ, ಕೈ ಚಾಚಿದ, ಕೈ ಹಿಂತೆಗೆದ. ತಮ್ಮನನ್ನು ನೋಡಿದ. ತಮ್ಮ ಮುಖ ತಿರುಗಿಸಿದ. ಆ ಹಜಾರದಲ್ಲಿ ಅದನ್ನು ಮುಟ್ಟುವವರು ಒಬ್ಬರೂ ಇರಲಿಲ್ಲ.

“ಒಬುರಾ!” ಪರೇಶ್ ಚೀರಿದ. “ಎಲ್ಲಿ ಸತ್ತ ಅವನು? ಯಾರಾದ್ರೂ ಒಬುರಾನ್ನ ಕರೀರೋ!”

ಒಬುರಾ ಮೆಟ್ಟಿಲ ಮೇಲೆ ಅವನಿಗೆ ಬೆನ್ನು ಹಾಕಿ ಕೂತಿದ್ದ. ತಿರುಗಿ ನೋಡಲಿಲ್ಲ.