ನಿಮ್ಮ ಗಡಿಯಾರ ಹಿಂದಿದೆ

ಕಂಪ್ಯೂಟರ್ ಬೇರೇನೆಂದು ಬೈದಿದ್ದರೂ ಗಡಿಯಾರ ರಿಪೇರಿಯವನು ಸಹಿಸಿಕೊಳ್ಳುತ್ತಿದ್ದ; ಅದು ಕೈಹಾಕಿದ್ದು ಅವನ ಕಸುಬಿನ ಬುಡಕ್ಕೇ. ಅಕ್ಕನ ಗಂಟಲಲ್ಲಿ ಎದ್ದ ಗಂಟಿನ ಚೂರನ್ನು ಪರೀಕ್ಷೆಗೆ ಕೊಟ್ಟಿದ್ದರು. ವರದಿ ನೋಡೋಣವೆಂದು ಲ್ಯಾಬಿನ ವೆಬ್‌ಸೈಟ್ ತೆರೆದರೆ ಪರದೆಯ ತುಂಬ ಎಚ್ಚರಿಕೆ: ಈ ತಾಣದ ಭದ್ರತಾ ಪ್ರಮಾಣಪತ್ರವನ್ನು ನಂಬಲಾಗದು, ನಿಮ್ಮ ಗಡಿಯಾರ ಹಿಂದಿದೆ.

ಅವನು ಕೈಗಡಿಯಾರ ನೋಡಿಕೊಂಡ. ಗೋಡೆಯ ಮೇಲಿನದನ್ನು ನೋಡಿದ. ರಿಪೇರಿ ಮುಗಿದು ಮನೆಯ ಮೇಜಿನ ಮೇಲೆ ಸಾಲಾಗಿ ಮಲಗಿದ್ದವನ್ನೂ ನೋಡಿದ. ಎಲ್ಲವೂ ಒಂದೇ ಹೊತ್ತು ತೋರಿಸುತ್ತಿದ್ದವು.

"ನನ್ನ ಗಡಿಯಾರ ಹಿಂದಿದೆಯಂತೆ ಅಕ್ಕ. ಇದು ಕಳ್ಳರದ್ದೇ ಕೆಲಸ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?"

ಅಕ್ಕ ಹಿಂದಿನ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ತಮ್ಮನ ತಲೆ ಬೆಳ್ಳಗಾದರೂ ಅವಳ ಬಾಯಲ್ಲಿ ಅವನಿನ್ನೂ ಮರಿ.

"ಬಿಡು ಮರಿ, ಅದು ಬೇಡ ಅಂದ್ರೆ ಬೇಡ. ನಂಗೇನು ಅವಸರ," ಎಂದಳು. ಅವಸರವಿಲ್ಲದವಳು ಬೆಳಿಗ್ಗೆಯಿಂದ ಅವನನ್ನು ಅಂಗಡಿಗೆ ಹೋಗಲು ಬಿಡದೆ ಕಂಪ್ಯೂಟರಿನ ಮುಂದೆ ಕೂರಿಸಿದ್ದಳು. ಗಳಿಗೆಗೊಮ್ಮೆ ಅವಳ ಬೆರಳು ಗಂಟಲಿನ ಕಡೆಗೇ ಹೋಗುತ್ತಿತ್ತು.

ಅವನು ಪುಟ ಮುಚ್ಚಿ ತೆರೆದ. ಯಂತ್ರವನ್ನೇ ಆರಿಸಿ ಮತ್ತೆ ಹಾಕಿದ. ವೈರು ಕಿತ್ತು, ಊದಿ, ಸಿಕ್ಕಿಸಿದ. ಅದೇ ಎಚ್ಚರಿಕೆ. ಕೆಳಗೆ 'ಸುರಕ್ಷಿತ ಜಾಗಕ್ಕೆ ಹಿಂತಿರುಗಿ' ಎಂಬ ಗುಂಡಿಯಿತ್ತು. ಒತ್ತಿದರೆ ಖಾಲಿ ಪುಟ. ಏನೂ ಇಲ್ಲದ ಜಾಗವೇ ಸುರಕ್ಷಿತ ಎಂದು ಇದನ್ನು ಮಾಡಿದ ಪುಣ್ಯಾತ್ಮರು ತಿಳಿದಿದ್ದರೋ ಏನೋ. ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೈ, ಇಲ್ಲಿ ಎಲ್ಲಿ ಹಿಡಿಯಬೇಕೆಂದೇ ತಿಳಿಯದೆ ಮೌಸಿನ ಮೇಲೆ ಬೆವರುತ್ತಿತ್ತು. ಅವನಿಗೆ ಅಳುವೇ ಬಂದಂತಾಯಿತು.

ಅಕ್ಕ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋದದ್ದೇ ತಡ, ಮಾನ ಬಿಟ್ಟು ಲ್ಯಾಬಿಗೆ ಫೋನು ಮಾಡಿದ.

"ವರದಿ ಕಾಗದದಲ್ಲಿ ಕೊಡೋದಿಲ್ಲ ಸರ್, ಸೈಟಲ್ಲೇ ನೋಡ್ಬೇಕು," ಎಂದಳು ಅಲ್ಲಿನ ಹುಡುಗಿ. "ನಮ್ಮ ಕಡೆ ಎಲ್ಲಾ ಸರಿಯಾಗಿದೆ. ನಿಮ್ಮ ಕಂಪ್ಯೂಟರಿನ ಮೂಲೇಲಿ ತಾರೀಕು ಏನಿದೆ, ಸ್ವಲ್ಪ ನೋಡ್ತೀರಾ?"

ನೋಡಿದ. ಎಷ್ಟೋ ವರ್ಷದ ಹಿಂದಿನ ತಾರೀಕು. ತಾರೀಕು ನಡೆಸುವ ಒಳಗಿನ ಗುಂಡು ಸೆಲ್ಲು ಸತ್ತಿರಬೇಕು. ಅಂಥ ಸೆಲ್ಲುಗಳನ್ನು ಊರವರಿಗೆಲ್ಲ ಬದಲಿಸಿ ಕೊಟ್ಟವನಿಗೆ ತನ್ನ ಮನೆಯ ಯಂತ್ರದೊಳಗೂ ಒಂದಿದೆಯೆಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಸಣ್ಣದೊಂದು ಖುಷಿಯೂ ಆಯಿತು. ಹುಡುಗಿ ಹೇಳಿಕೊಟ್ಟಂತೆ ತಾರೀಕು ತಿದ್ದಿದ. ಎಚ್ಚರಿಕೆ ಮಾಯವಾಯಿತು, ವರದಿ ತೆರೆದುಕೊಂಡಿತು.

ಅರ್ಥವಾಗದ ಪದಗಳು ಹತ್ತಾರಿದ್ದವು. ಅರ್ಥವಾದದ್ದು ಒಂದೇ: ಕ್ಯಾನ್ಸರ್.

ತಾಯಿ ಹೋದ ದಿನ ಆದಂಥದೇ ಭಯ. ಅವತ್ತು ಅವನನ್ನು ಎದೆಗವಚಿಕೊಂಡು ಸುದ್ದಿ ಹೇಳಿದವಳು ಅಕ್ಕ. ಈಗ ಅಕ್ಕನಿಗೇ ಅವನು ಹೇಳಬೇಕು. ಹೇಗೆ ಹೇಳುವುದೆಂದು ಯೋಚಿಸಿದ.

ಹಿತ್ತಲ ಬಾಗಿಲ ಸದ್ದಾಯಿತು. ಜೀವಮಾನದಲ್ಲಿ ಒಂದು ಗಡಿಯಾರವನ್ನೂ ಬೇಕೆಂದು ಕೆಡಿಸಿದವನಲ್ಲ ಅವನು. ತಾರೀಕನ್ನು ಮತ್ತೆ ಹಳೆಯ ವರ್ಷಕ್ಕೆ ತಳ್ಳಿದ. ಪುಟ ಮುಚ್ಚಿ ತೆರೆದ.

"ಬಂತಾ ಮರಿ?"

"ಇಲ್ಲ ಅಕ್ಕ. ಇನ್ನೂ ಅದೇ ಹೇಳ್ತಿದೆ."

ಅಕ್ಕ ಬಗ್ಗಿ ನೋಡಿದಳು. ಎಚ್ಚರಿಕೆ ಪರದೆಯ ತುಂಬ ನಿಂತಿತ್ತು. ಅವಳು ಸಣ್ಣಗೆ ಉಸಿರು ಬಿಟ್ಟು ತಮ್ಮನ ಮುಖದ ಕಡೆ ತಿರುಗಿದಳು. ಒದ್ದೆ ಕೈಯಲ್ಲೇ ಅವನ ಬೆನ್ನು ಸವರಿದಳು.

"ಹೋಗ್ಲಿ ಬಿಡು, ನೀನಾದ್ರೂ ಏನು ಮಾಡ್ತೀಯ," ಎಂದಳು. "ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?"