ಲಾಲಪ್ಪ ಸತ್ತ ಖಣಿ

"ಏಳನೇತ್ತಕ್ಕ ಸಾಲಿ ಬಿಟ್ಟಾಂವ, ಮಂಗಳ ಗ್ರಹದ ತಗ್ಗಿನ ಸುದ್ದಿ ನಮಗ ಹೇಳಾಕ ಬಂದಾನ ನೋಡ್ರಪಾ," ಎಂದ ರೇವಣಪ್ಪ. ಖಣಿಯ ದಂಡೆಯಲ್ಲಿ ನಿಂತವರೆಲ್ಲ ನಕ್ಕರು. "ನಿಮ್ಮಪ್ಪ ಪರ್ಸಿಕಲ್ಲು ಒಡೀತಿದ್ದನೋ, ದುರ್ಬೀನ್ ಹಿಡಕೊಂಡು ಕುಂತಿದ್ದನೋ?"

ಸಂಘಪಾಲನ ಕಿವಿ ಬಿಸಿಯಾದವು. ಶಹಾಬಾದಿನ ಆಚೆ ನೀರು ತುಂಬಿ ಪಾಳುಬಿದ್ದ ಖಣಿಗಳಿಗೆಲ್ಲ ಪಂಚಾಯಿತಿ ಫಲಕ ನೆಡಿಸುತ್ತಿತ್ತು. ಪೇಂಟರ್ ಭಾಗಣ್ಣ 'ನೀರಿಗೆ ಇಳಿಯಬೇಡಿ' ಎಂದು ಬರೆದು ಮುಗಿಸಿ, ಮೇಲೆ ಖಣಿಯ ಹೆಸರಿಗೆ ಕಾಯುತ್ತ ಕೂತಿದ್ದ. ಈ ಖಣಿ ಅಗೆಸಿದವನು ರೇವಣಪ್ಪ, ಪಂಚಾಯಿತಿಯ ಪಟ್ಟಿಯಲ್ಲಿ ಇದ್ದದ್ದು ಅವನ ಹೆಸರೇ. ಸಂಘಪಾಲನ ಅಪ್ಪ ಲಾಲಪ್ಪ ಐದು ವರ್ಷದ ಹಿಂದೆ ಬಂಡೆ ಜಾರಿ ಸತ್ತದ್ದು ಇದರ ತಳದಲ್ಲಿ.

ಹೋದ ತಿಂಗಳು ಸಾಲಿಯ ಪಡಸಾಲೆಗೆ ಪರ್ಸಿಕಲ್ಲು ಹಾಸುವಾಗ, ಒಳಗೆ ಬಸವೇಶ್ವರಿ ಟೀಚರು ಹೇಳುತ್ತಿದ್ದ ಪಾಠ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಆಕಾಶದ ಕಲ್ಲು ಬಡಿದು ಮಂಗಳನ ಮೇಲೆ ಕುಳಿಗಳಾಗಿವೆ. ಸಣ್ಣವಕ್ಕೆ ಭೂಮಿಯ ಸಣ್ಣ ಊರುಗಳ ಹೆಸರು, ದೊಡ್ಡವಕ್ಕೆ ಸತ್ತುಹೋದ ವಿಜ್ಞಾನಿಗಳ ಹೆಸರು. ಸತ್ತು ಮೂರು ವರ್ಷವಾದರೂ ಆಗಿರಬೇಕು. ಕಲಸಿಟ್ಟ ಸಿಮೆಂಟು ಗಟ್ಟಿಯಾಗುವವರೆಗೂ ಅವನು ಕಿಟಕಿಯ ಕೆಳಗೆ ಕೂತಿದ್ದ.

"ಅಲ್ಲಿ ಯಾರೂ ಕಾಲಿಟ್ಟಿಲ್ಲರಿ. ಆದ್ರೂ ಸತ್ತವ್ರ ಹೆಸರ ಇಡ್ತಾರ," ಎಂದ ಸಂಘಪಾಲ ಮತ್ತೊಮ್ಮೆ. "ನಮ್ಮಪ್ಪ ಇದರಾಗೇ ಸತ್ತಾನ. ಲಾಲಪ್ಪನ ಖಣಿ ಅಂತ ಬರಸ್ರಿ. ಮತ್ತೇನೂ ಬ್ಯಾಡ."

"ಇದರಾಗ ಸತ್ತಾನಂತ ಯಾವ ಕಾಗದದಾಗ ಅದಲೇ?" ರೇವಣಪ್ಪನ ದನಿ ಏರಲಿಲ್ಲ. "ನಿಮ್ಮವ್ವ ಇಲ್ಲೇ ಅದಾಳ, ಕೇಳು."

ಮಗನನ್ನು ಕರೆದೊಯ್ಯಲು ಬಂದಿದ್ದ ಅನಸುಬಾಯಿ ಸೆರಗು ಬಾಯಿಗೆ ಹಿಡಿದಳು. "ಈ ಖಣಿಗಿ ಪರವಾನಿಗಿ ಇದ್ದಿಲ್ಲಪಾ," ಎಂದಳು ನೆಲ ನೋಡುತ್ತ. "ಮನ್ಯಾಗ ಎದಿನೋವಿಲೆ ಸತ್ತಾನಂತ ಇವ್ರ ಮಂದಿ ಬರಕೊಂಡು ಬಂದಿದ್ರು. ಹೆಬ್ಬಟ್ಟು ಒತ್ತಿದೆ. ಮರುದಿನ ನಾನೂ ನೀನೂ ಅವ್ರ ಕಡೀಗೇ ಕೆಲಸಕ್ಕ ಹೋಗೋದಿತ್ತಲ್ಲ."

ಈಗ ಯಾರೂ ನಗಲಿಲ್ಲ. ಅಂದು ಹಗ್ಗ ಕಟ್ಟಿ ಅಪ್ಪನನ್ನು ಮೇಲೆತ್ತುವಾಗ ಸಂಘಪಾಲ ಒಂದು ತುದಿ ಹಿಡಿದಿದ್ದ, ಅಪ್ಪನ ಜೊತೆ ಕಲ್ಲು ಒಡೆಯುತ್ತಿದ್ದ ಕಾಶಪ್ಪ ಇನ್ನೊಂದು. ಕಾಶಪ್ಪ ಗುಂಪಿನಲ್ಲೇ ಇದ್ದ. ಸಂಘಪಾಲ ಅವನತ್ತ ನೋಡಿದ. ಕಾಶಪ್ಪ ಗಾಳಿಗೆ ಬೆನ್ನು ತಿರುಗಿಸಿ ಬೀಡಿಗೆ ಕಡ್ಡಿ ಗೀರಿದ. ಹತ್ತಲಿಲ್ಲ. ಇನ್ನೊಂದು ಗೀರಿದ.

"ಬಣ್ಣ ಒಣಗಾಕತ್ತದ, ತಮ್ಮಾ," ಎಂದ ಭಾಗಣ್ಣ ಮೆಲ್ಲಗೆ. "ಏನಂತ ಬರೀಲಿ?"

ಸಂಘಪಾಲ ಫಲಕದ ಮೇಲಿನ ಖಾಲಿ ಜಾಗ ನೋಡಿದ. ಒಡೆದ ಕಲ್ಲಿನ ರಾಶಿಗಳ ನಡುವಿನ ಹಾದಿ ಹಿಡಿದು ವಾಡಿ ರಸ್ತೆಯ ಕಡೆ ನಡೆದ. ಹಿಂದೆ ಅವ್ವನ ಚಪ್ಪಲಿಯ ಸದ್ದು ಸ್ವಲ್ಪ ದೂರ ಬಂದು, ನಿಂತಿತು.